ಬಾರಾ ಗಜದ ತೋಪು, ಹನ್ನೆರಡಡಿಯ ಟೇಬಲ್ಲು

2024ರ ಜನವರಿ 10ರ ರಾತ್ರಿ ಬೆಂಗಳೂರಿನಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತುವಾಗ ನನಗಿದ್ದದ್ದು ಒಂದೇ ಚಿಂತೆ. ಭಾನುವಾರ ಲಂಡನ್ನಿನಲ್ಲಿ ಮಾಸ್ಟರ್ಸ್ ಸ್ನೂಕರ್ ಫೈನಲ್. ಸ್ನೂಕರ್ ಅಂದರೆ ಹಸಿರು ಬಟ್ಟೆಯ ಟೇಬಲ್ಲಿನ ಮೇಲೆ ಕೋಲಿನಿಂದ ಚೆಂಡು ಹೊಡೆದು ತೂತಿಗೆ ಬೀಳಿಸುವ ಆಟ. ನಾನೋ, ಎಳ್ಳ ಅಮಾವಾಸ್ಯೆಯಿಂದ ಸಂಕ್ರಾಂತಿಯವರೆಗೆ ಕಲಬುರಗಿಯ ಚಿಕ್ಕಮ್ಮನ ಮನೆಯಲ್ಲಿ. ಅಲ್ಲಿ ಯಾರು ಈ ಆಟ ನೋಡ್ತಾರೆ ಅಂದುಕೊಂಡಿದ್ದೆ. ಬೆಂಗಳೂರಿನವರ ಜಂಬ, ಇನ್ನೇನು.

ಬೆಳಿಗ್ಗೆ ಕಣ್ಣು ಬಿಟ್ಟಾಗ ರೈಲು ಶಹಾಬಾದ್ ಕಡೆ ಓಡುತ್ತಿತ್ತು. ಕಿಟಕಿಯಾಚೆ ಕಲ್ಲಿನ ಗಣಿ, ಒಂದರ ಮೇಲೊಂದು ಪೇರಿಸಿಟ್ಟ ಫರಸಿ, ಅಂದರೆ ನೆಲಕ್ಕೆ ಹಾಸುವ ಕಲ್ಲು. ಮಧ್ಯೆ ಮಧ್ಯೆ ತೊಗರಿ ಹೊಲ. ಸ್ಟೇಷನ್ನಿನಿಂದ ಮನೆಗೆ ಹೋಗಿ ಚಹಾ ಕುಡಿದದ್ದೇ, ಸೀದಾ ಹೊಲಕ್ಕೆ ಹೊರಟೆವು.

ಎಳ್ಳ ಅಮಾವಾಸ್ಯೆ ಈ ಕಡೆಯವರಿಗೆ ಎಷ್ಟು ದೊಡ್ಡ ಹಬ್ಬ ಅನ್ನೋದು ಬುತ್ತಿ ಬಿಚ್ಚಿದಾಗ ಗೊತ್ತಾಯಿತು. ಹತ್ತಾರು ತರಕಾರಿ, ಕಾಳು, ಸೊಪ್ಪು ಎಲ್ಲ ಕೂಡಿಸಿ ಕುದಿಸಿದ ಭಜ್ಜಿ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ತಣ್ಣನೆಯ ಅಂಬಲಿ. ಚಿಕ್ಕಪ್ಪ ಹೊಲದ ತುಂಬ ಚರಗ, ಅಂದರೆ ಭೂಮಿತಾಯಿಗೆ ಎಡೆ, ಚೆಲ್ಲಿ ಬಂದ ಮೇಲೇ ನಮ್ಮ ಊಟ. ಮೂರನೇ ರೊಟ್ಟಿಗೆ ನಾನು ಸೋತೆ.

ಮರದ ನೆರಳಲ್ಲಿ ಫೋನಿನಲ್ಲಿ ಸ್ಕೋರ್ ನೋಡುತ್ತಿದ್ದೆ. ಚಿಕ್ಕಪ್ಪ ಬಗ್ಗಿ ನೋಡಿ, "ಏನದು?" ಅಂದರು. ಹೇಳಿದೆ. ಮಾಸ್ಟರ್ಸ್ ಶುರುವಾಗಿದ್ದು 1975ರಲ್ಲಿ. ಕರೆದವರಿಗೆ ಮಾತ್ರ ಪ್ರವೇಶ, ಅದೂ ರ್‍ಯಾಂಕಿಂಗಿನ ಮೊದಲ 16 ಮಂದಿಗೆ. ಆ ವರ್ಷ ಗೆದ್ದವರಿಗಿದ್ದದ್ದು ಎರಡೂವರೆ ಲಕ್ಷ ಪೌಂಡ್. ಆದರೆ ರ್‍ಯಾಂಕಿಂಗಿಗೆ ಅದರಿಂದ ಒಂದು ಅಂಕವೂ ಸೇರುವುದಿಲ್ಲ.

"ಹಂಗಂದ್ರ ಜಾತ್ರಿ ಕುಸ್ತಿ ಆಯ್ತಲ್ಲ," ಅಂದರು ಚಿಕ್ಕಪ್ಪ. "ಹೆಸರಾದ ಪೈಲ್ವಾನರ್ನ ಕರಿಸಿ ಜೋಡಿ ಹಚ್ಚತಾರ."

ಇಷ್ಟು ಚೆನ್ನಾಗಿ ನನಗೆ ಹೇಳೋಕೆ ಬಂದಿರಲಿಲ್ಲ.

ಶನಿವಾರ ತಮ್ಮ, ಅಂದರೆ ಚಿಕ್ಕಮ್ಮನ ಮಗ, ಕೋಟೆ ತೋರಿಸಿದ. 1367ರಲ್ಲಿ ಕಟ್ಟಿದ ಜಾಮಿಯಾ ಮಸೀದಿಯಲ್ಲಿ ಬಯಲಂಗಳವೇ ಇಲ್ಲ, ಇಡೀ ಮಸೀದಿಗೆ ಮಾಡು ಇದೆ. ಒಳಗೆ ಕಮಾನಿನ ಹಿಂದೆ ಕಮಾನು. ಎಲ್ಲಿ ನಿಂತರೂ ಕಣ್ಣು ನೇರ ಗೆರೆ ಹುಡುಕುತ್ತೆ. ಸ್ನೂಕರಿನಲ್ಲಿ ದೂರದ ಚೆಂಡನ್ನು ತೂತಿಗೆ ಹೊಡೆಯುವ ಮುಂಚೆ ಹೀಗೇ ಅಲ್ವಾ ನೋಡೋದು! ಆಮೇಲೆ ಬಾರಾ ಗಜಿ ತೋಪು ಅನ್ನೋ ಫಿರಂಗಿ. 29 ಅಡಿ ಉದ್ದ ಅಂತಾರೆ. ತಮ್ಮ ಅದರ ಬಾಯಿ ಹತ್ತಿರ ಬಗ್ಗಿ, ಕ್ಯೂ, ಅಂದರೆ ಆಟದ ಕೋಲು, ಹಿಡಿದವನ ಹಾಗೆ ಕೈ ಚಾಚಿ ಒಂದು ಕಣ್ಣು ಮುಚ್ಚಿದ.

"ನೀನು ಆಡ್ತೀಯಾ?"

"ನಾಳಿ ಕರ್ಕೊಂಡ್ ಹೋಗ್ತೀನಿ ನಡಿ ಅಣ್ಣಾ."

ಕರೆದುಕೊಂಡು ಹೋಗಿದ್ದು ಒಂದು ಅಂಗಡಿ ಮಹಡಿಗೆ. ಎರಡು ಟೇಬಲ್, ತಗ್ಗಿಗೆ ಇಳಿಬಿಟ್ಟ ದೀಪ, ಗೋಡೆಗೆ ಕ್ಯೂ ತುದಿಗೆ ಹಚ್ಚುವ ಸೀಮೆಸುಣ್ಣದ ನೀಲಿ ಬೆರಳಚ್ಚು. ಕನ್ನಡ, ಉರ್ದು ಎರಡೂ ಒಂದೇ ವಾಕ್ಯದಲ್ಲಿ. ಮಾಲೀಕರು 2016ರಲ್ಲಿ ಹೈದರಾಬಾದಿಗೆ ಇಂಡಿಯನ್ ಓಪನ್ ಸ್ನೂಕರ್ ಟೂರ್ನಿ ಬಂದಾಗ ಬಸ್ ಹತ್ತಿ ಹೋಗಿ ನೋಡಿ ಬಂದವರಂತೆ. ಆ ಸಲ ಗೆದ್ದವನು ಸ್ಕಾಟ್ಲೆಂಡಿನ ಆಂಟನಿ ಮೆಕ್‌ಗಿಲ್. ಅದನ್ನು ಅವರು ಸ್ವಂತ ಸೋದರಳಿಯ ಗೆದ್ದಷ್ಟೇ ಖುಷಿಯಿಂದ ಹೇಳಿದರು.

ಅವರಿಂದಲೇ ಟೇಬಲ್ಲಿನ ಒಳಗುಟ್ಟು ತಿಳಿಯಿತು. ಹನ್ನೆರಡಡಿ ಉದ್ದದ ಆ ಹಸಿರು ಬಟ್ಟೆಯ ಕೆಳಗೆ ಮರವಲ್ಲ, ಕಲ್ಲು ಇರೋದು. ಸ್ಲೇಟ್ ಕಲ್ಲಿನ ಐದು ಹಾಸು, ಒಂದಕ್ಕೊಂದು ಬೆಸೆದು ಮಟ್ಟ ಮಾಡಿದ್ದು. ಒಂದು ಕೂದಲೆಳೆ ಏರುಪೇರಾದರೂ ಚೆಂಡು ದಾರಿ ತಪ್ಪುತ್ತದೆ.

"ನಿಮ್ಮೂರಲ್ಲೇ ಇಷ್ಟೊಂದು ಫರಸಿ ಇದೆಯಲ್ರೀ?" ಅಂದೆ.

"ಅದು ಮನಿಗಿ ಹಾಸ್ಲಿಕ್ಕ ಛಲೋ ಅದ ರೀ. ಇದು ಬ್ಯಾರೆ ಜಾತಿ ಕಲ್ಲು," ಅಂತ ನಕ್ಕರು.

ಕಲ್ಲು ಹೊರಗಿನದಾದರೂ ಆಟ ಇಲ್ಲಿಯದೇ. 1875ರಲ್ಲಿ ಜಬಲ್ಪುರದ ಸೇನಾ ಮೆಸ್ಸಿನಲ್ಲಿ ನೆವಿಲ್ ಚೇಂಬರ್ಲೇನ್ ಅನ್ನೋ ಅಧಿಕಾರಿ ಹೊತ್ತು ಕಳೆಯೋಕೆ ಕಟ್ಟಿದ್ದು. ಸ್ನೂಕರ್ ಅಂದರೆ ಆಗ ಸೈನಿಕ ಶಾಲೆಯ ಹೊಸ ಹುಡುಗರಿಗಿದ್ದ ಅಡ್ಡಹೆಸರು. ನಿಯಮ ಗಟ್ಟಿಯಾಗಿದ್ದು ನಮ್ಮ ಪಕ್ಕದ ಊಟಿಯ ಕ್ಲಬ್ಬಿನಲ್ಲಿ.

ಸಂಜೆ ಆರೂವರೆಗೆ ಫೈನಲ್. ರಾನಿ ಓ ಸಲಿವನ್, ಅಲಿ ಕಾರ್ಟರ್. ಒಂದೊಂದು ಬಿಡಿ ಆಟಕ್ಕೆ ಫ್ರೇಮ್ ಅಂತಾರೆ, ಮೊದಲು ಹತ್ತು ಫ್ರೇಮ್ ಗೆದ್ದವರಿಗೆ ಪಟ್ಟ. ಹುಡುಗರು ಆಟ ನಿಲ್ಲಿಸಿ ಲ್ಯಾಪ್‌ಟಾಪ್ ಸುತ್ತ ಕುಳಿತರು. ನಡುನಡುವೆ ಚೀನಾದ ಆಟಗಾರ ಡಿಂಗ್ ಜುನ್‌ಹುಯಿ ವಿಷಯ. ಮೊದಲ ಸುತ್ತಿನಲ್ಲಿ ಇದೇ ರಾನಿ ಎದುರು ಒಂದೇ ಫ್ರೇಮಿನಲ್ಲಿ ತಡೆಯಿಲ್ಲದೆ 147 ಅಂಕ ಹೊಡೆದಿದ್ದ. ಒಂದೊಂದು ಅಂಕದ ಹದಿನೈದು ಕೆಂಪು, ಪ್ರತಿ ಕೆಂಪಿನ ಹಿಂದೆ ಏಳು ಅಂಕದ ಕಪ್ಪು, ಕೊನೆಗೆ ಬಣ್ಣದ ಚೆಂಡುಗಳ 27. ಇದಕ್ಕಿಂತ ಜಾಸ್ತಿ ಯಾರೂ ಕೇಳೋಕಾಗಲ್ಲ. ಆದರೂ ಪಂದ್ಯ 6-3ರಲ್ಲಿ ಸೋತ! "ಒಂದ್ ಫ್ರೇಮಿಗಿ ಒಂದೇ ಫ್ರೇಮ್ ಕೊಡ್ತಾರ ನೋಡ್ರಿ," ಅಂತ ಒಬ್ಬ ನಿಟ್ಟುಸಿರು ಬಿಟ್ಟ.

ಮೊದಲ ಹೊತ್ತಿನ ಆಟ ಮುಗಿದಾಗ ಕಾರ್ಟರ್ ಮುಂದಿದ್ದ. ನಾವು ತಹರಿ ತಿಂದು ಮನೆಗೆ ಬಂದೆವು.

ಉಳಿದದ್ದು ನಡುರಾತ್ರಿ ಹನ್ನೆರಡೂವರೆಗೆ. ಚಿಕ್ಕಮ್ಮನಿಗೆ ಕೇಳಿಸದ ಹಾಗೆ ನಡುಮನೆಯಲ್ಲಿ ಕಂಬಳಿ ಹೊದ್ದು, ಸದ್ದು ಪೂರ್ತಿ ಇಳಿಸಿ ಕುಳಿತೆವು. 6-3, ಕಾರ್ಟರ್ ಮುಂದೆ. ಅಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ತಮ್ಮ ಫೋನ್ ಹಿಡಿದು ಮಹಡಿಗೆ ಓಡಿದ, ನಾನು ಹಿಂದೆ. ಜನವರಿ ಚಳಿಯಲ್ಲಿ ನೀರಿನ ಟಾಕಿಗೆ ಒರಗಿ ನಿಂತೇ ನೋಡಿದ್ದು. ಮುಂದಿನ ಎಂಟು ಫ್ರೇಮಿನಲ್ಲಿ ಏಳು ರಾನಿಯವು. 10-7. ಎಂಟನೇ ಮಾಸ್ಟರ್ಸ್, 48ನೇ ವಯಸ್ಸಿನಲ್ಲಿ. ಮೊದಲನೆಯದು ಗೆದ್ದಾಗ ಅವನಿಗೆ 19. ತಮ್ಮ ಅಷ್ಟು ಹೊತ್ತಲ್ಲೂ ಕೂಗಿಬಿಟ್ಟ.

ಕೆಳಗೆ ದೀಪ ಹತ್ತಿತು. ಚಿಕ್ಕಮ್ಮ ಎಳ್ಳು ಅರೆಯೋಕೆ ಎದ್ದಿದ್ದರು. ಸಂಕ್ರಾಂತಿ, ಎಳ್ಳು ಹಚ್ಚಿಕೊಂಡು ಮೀಯಬೇಕು. ಮೆಟ್ಟಿಲಲ್ಲಿ ನಮ್ಮಿಬ್ಬರನ್ನೂ ಕಂಡು ನಿಂತರು.

"ನಾ ಎಬ್ಬಿಸೋದ್ರಾಗ ಎದ್ದೀರಿ? ಶಾಣ್ಯಾ ಆಗೀರಿ ನೋಡ್ರಿ," ಅಂದು ಎಳ್ಳಿನ ಬಟ್ಟಲು ತಮ್ಮನ ಕೈಗಿಟ್ಟರು. "ಅಣ್ಣನ ಬೆನ್ನಿಗಿ ಹಚ್ಚು. ನೀರ್ ಕಾಯ್ಲಿಕ್ಕ ಇಟ್ಟೀನಿ."