ಪಿಕಪ್‌ಗೆ ಯಾವ ಟೈರ್ ಹಾಕ್ಸಿದೆ, ಯಾಕೆ ಹಾಕ್ಸಿದೆ

ನಮ್ಮ ಮನೇಲಿರೋದು 2017ರ ಇಸುಜು ವಿ-ಕ್ರಾಸ್. ರಿಮ್ಮಿನ ವ್ಯಾಸ ಹದಿನಾರು ಇಂಚು, ಅಗಲ 7 ಇಂಚು, ಕಂಪನಿಯಿಂದ ಬಂದಿದ್ದು 245/70 ಆರ್16 ಟೈರು. ತೋಟ ಮೂಡಿಗೆರೆ ಕಡೆ, ಗೇಟಿಂದ ಕಣದ ತನಕ ಒಂದೂವರೆ ಕಿಲೋಮೀಟರ್ ಮಣ್ಣು ದಾರಿ, ಮಳೆಗಾಲ ಹಿಡೀತು ಅಂದ್ರೆ ಅದು ಗದ್ದೆ ಥರಾನೇ. ಈ ವರ್ಷ ನಾಲ್ಕೂ ಟೈರ್ ಬೋಳಾಗಿತ್ತು, ಹೇಗೂ ಬದಲಾಯಿಸ್ಬೇಕು, ಸ್ವಲ್ಪ ದೊಡ್ಡದೇ ಹಾಕ್ಸೋಣ ಅಂತ ಹಾಸನಕ್ಕೆ ಹೋದೆ.

ಅಂಗಡಿಯವ್ರು ನೋಡಿದ ಕೂಡ್ಲೇ "ಅಣ್ಣಾ 285 ಮಿಲಿಮೀಟರ್ ಅಗಲದ್ದು ಹಾಕ್ಬಿಡಿ, ನಮ್ಮ ಹತ್ರ ಒಂಬತ್ತಿಂಚು ಅಗಲದ ರಿಮ್ ಇದೆ, ಗಾಡಿ ಲುಕ್ಕೇ ಬೇರೆ ಆಗುತ್ತೆ" ಅಂದ್ರು. ಲುಕ್ ಆಗುತ್ತೆ ನಿಜ. ಆದ್ರೆ ನಮ್ಮ ಭಾವನ ಗಾಡೀಲಿ ಏನಾಯ್ತು ಅಂತ ನಾನು ಕಣ್ಣಾರೆ ನೋಡಿದ್ದೆ. ಅವ್ರು 8 ಇಂಚು ಅಗಲದ ರಿಮ್ ಹಾಕ್ಸಿದ್ರು, ಆಫ್‌ಸೆಟ್ ಸೊನ್ನೆ. ಆಫ್‌ಸೆಟ್ ಅಂದ್ರೆ ರಿಮ್ಮಿನ ನಟ್ಟನಡುವಿಂದ ಹಬ್‌ಗೆ (ಗಾಡಿ ಕಡೆ ಚಕ್ರ ಬೋಲ್ಟ್ ಆಗೋ ಜಾಗ) ಕೂರೋ ಮುಖ ಎಷ್ಟು ಮಿಲಿಮೀಟರ್ ಆಚೆಗಿದೆ ಅನ್ನೋ ಲೆಕ್ಕ, ರಿಮ್ ಮೇಲೆ ಇಟಿ ಅಂತ ಅಚ್ಚು ಹಾಕಿರ್ತಾರೆ. ಈಗ 7 ಇಂಚು, ಇಟಿ 30 ಇರೋ ರಿಮ್ ತೆಗ್ದು 8 ಇಂಚು, ಇಟಿ 0 ಹಾಕಿದ್ರೆ ಅಗಲಕ್ಕೆ ಅರ್ಧ ಇಂಚು, ಆಫ್‌ಸೆಟ್‌ಗೆ 30 ಮಿಲಿಮೀಟರ್, ಒಟ್ಟು ಹತ್ರಹತ್ರ 43 ಮಿಲಿಮೀಟರ್ ಒಂದೊಂದು ಕಡೆ ಚಕ್ರ ಹೊರಗೆ ಬಂದ್ಬಿಡುತ್ತೆ. ಭಾವನ ಗಾಡೀಲಿ ಮೊದಲನೇ ಮಳೆಗೇ ಕೆಂಪು ಕೆಸರು ಬಾಗಿಲು, ಕನ್ನಡಿ, ಗಾಜು ಎಲ್ಲದಕ್ಕೂ ಎರಚಿತು, ಸ್ಟೇರಿಂಗ್ ಪೂರ್ತಿ ತಿರುಗಿಸಿದ್ರೆ ಮಡ್‌ಗಾರ್ಡ್ ಒಳಗಿನ ಪ್ಲಾಸ್ಟಿಕ್‌ಗೆ ಕರ್ ಕರ್ ಅಂತ ಉಜ್ತಿತ್ತು, ಒಂದು ಮಳೆಗಾಲ ಮುಗಿಯೋದ್ರೊಳಗೆ ಮುಂದಿನ ಎಡಗಡೆ ಬೇರಿಂಗ್ ಗುಂಯ್ ಅನ್ನೋಕೆ ಶುರುವಾಯ್ತು. ಚಕ್ರ ಹೊರಗೆ ಹೋದಷ್ಟೂ ಬೇರಿಂಗ್ ಮೇಲೆ ಬೀಳೋ ಎಳೆತ ಜಾಸ್ತಿ, ಅದ್ರಲ್ಲಿ ಅನುಮಾನ ಇಲ್ಲ. ಹಾಗಾಗಿ ರಿಮ್ ಮುಟ್ಟೋದೇ ಬೇಡ, ಇರೋ 7 ಇಂಚಿಗೆ ಒಪ್ಪೋ ಟೈರ್ ಹುಡುಕೋಣ ಅಂತ ತೀರ್ಮಾನ ಮಾಡ್ದೆ.

ಲೆಕ್ಕ ಕಷ್ಟ ಏನಿಲ್ಲ. 245/70 ಆರ್16 ಅಂದ್ರೆ ಅಗಲ 245 ಮಿಲಿಮೀಟರ್, ಅದರ ಶೇಕಡಾ 70 ಪಕ್ಕದ ಗೋಡೆ, ಅಂದ್ರೆ 171.5, ಅದನ್ನ ಎರಡರಿಂದ ಗುಣಿಸಿ ರಿಮ್ಮಿನ 406.4 ಸೇರಿಸಿದ್ರೆ ಒಟ್ಟು ಎತ್ತರ 749. ಎಲ್ಲರೂ ಹಾಕೋ 265/70ಕ್ಕೆ 777 ಬರುತ್ತೆ. 245/75ಕ್ಕೆ 774. ಅರ್ಥ ಆಯ್ತಲ್ಲ, ಎರಡಕ್ಕೂ ಎತ್ತರದಲ್ಲಿ ಇರೋ ವ್ಯತ್ಯಾಸ ಮೂರೂವರೆ ಮಿಲಿಮೀಟರ್ ಅಷ್ಟೇ, ಆದ್ರೆ ಅಗಲದಲ್ಲಿ ಪೂರ್ತಿ 20 ಮಿಲಿಮೀಟರ್! 265/70ಕ್ಕೆ ಸರಿಹೋಗೋ ರಿಮ್ 7ರಿಂದ 9 ಇಂಚು, ಅಂದ್ರೆ ನಮ್ಮ 7 ಇಂಚು ಅಲ್ಲಿ ಕಟ್ಟಕಡೆ. ಕೂರುತ್ತೆ, ಆದ್ರೆ ಚೀಲದ ಬಾಯಿ ಬಿಗಿದು ಕಟ್ಟಿದ ಹಾಗೆ ಆಗಿ ಹೊಟ್ಟೆ ಉಬ್ಬುತ್ತೆ, ನೆಲಕ್ಕೆ ತಾಗೋ ಮೈ ನಡುವೆ ಗುಮ್ಮಟ ಥರ ಏಳುತ್ತೆ, ನಡು ಬೇಗ ಸವೆಯುತ್ತೆ. 245ಕ್ಕೆ ಆರೂವರೆಯಿಂದ 8 ಇಂಚು, 7 ಸಲೀಸಾಗಿ ಒಳಗೆ ಬರುತ್ತೆ.

ಅಗಲ ಇದ್ರೆ ಕೆಸರಲ್ಲಿ ಒಳ್ಳೇದಲ್ವಾ ಅಂತ ಸುಮಾರು ಜನ ಕೇಳ್ತಾರೆ. ಅದು ಎಂಥ ಕೆಸರು ಅನ್ನೋದ್ರ ಮೇಲೆ ಹೋಗುತ್ತೆ ಕಣ್ರೀ. ಮರಳು, ತಳ ಸಿಗದಷ್ಟು ಆಳದ ಕೆಸರು ಆದ್ರೆ ಅಗಲದ ಟೈರ್ ತೇಲುತ್ತೆ, ಅಲ್ಲಿ ಅದೇ ಬೇಕು. ನಮ್ಮ ಕಡೆ ಮೇಲೆ ನಾಲ್ಕು ಬೆರಳು ಜಾರೋ ಕೆಸರು, ಅದರ ಕೆಳಗೆ ಗಟ್ಟಿ ಜಂಬಿಟ್ಟಿಗೆ. ಇಲ್ಲಿ ಕಿರಿದಾದ ಟೈರ್ ಕೆಸರನ್ನ ಸೀಳ್ಕೊಂಡು ಹೋಗಿ ಕೆಳಗಿನ ಗಟ್ಟಿ ನೆಲ ಹಿಡ್ಕೊಳುತ್ತೆ. ಚಾರ್ಮಾಡಿ ಘಾಟಿಯಲ್ಲಿ ರಸ್ತೆ ಮೇಲೆ ನೀರು ಹರೀತಿರುವಾಗ್ಲೂ ಕಿರಿದಾದ ಟೈರೇ ನೀರು ಬೇಗ ಸರಿಸುತ್ತೆ.

ಕೊನೆಗೆ 245/75 ಎಲ್‌ಟಿ ಟೈರ್ ಹಾಕ್ಸಿದೆ, ಎಲ್‌ಟಿ ಅಂದ್ರೆ ಲೈಟ್ ಟ್ರಕ್, ಭಾರ ಹೊರೋ ಗಾಡಿಗಳ ಟೈರು. ಲೋಡ್ ಇಂಡೆಕ್ಸ್ 120, ಅಂದ್ರೆ ಒಂದು ಟೈರು ಪೂರ್ತಿ ಗಾಳಿ ಇದ್ದಾಗ 1400 ಕೆಜಿ ಹೊರುತ್ತೆ, ಹಳೇದು 111, ಅದು 1090. ಆದ್ರೆ ಒಂದು ವಿಷ್ಯ ತಲೇಲಿರ್ಲಿ, ಎಲ್‌ಟಿ ಟೈರಿಗೆ ಅದೇ ಭಾರ ಹೊರೋಕೆ ಗಾಳಿ ಜಾಸ್ತಿ ಬೇಕು, ಬಾಗಿಲ ಹತ್ರದ ಸ್ಟಿಕ್ಕರ್ ನೋಡಿ ಹೊಡೆಸಿದ್ರೆ ಸಾಲಲ್ಲ. ನಾನು ಮಕ್ಕಳ ಹತ್ರ ಚಾಕ್‌ಪೀಸ್ ಇಸ್ಕೊಂಡು ಟೈರಿನ ಮೈ ಮೇಲೆ ಅಡ್ಡಡ್ಡ ಗೆರೆ ಎಳೆದು ಸಿಮೆಂಟ್ ಕಣದಲ್ಲಿ ನೆಟ್ಟಗೆ ಒಂದಷ್ಟು ದೂರ ಓಡಿಸಿ ಇಳಿದು ನೋಡ್ದೆ. ನಡುವೆ ಮಾತ್ರ ಅಳಿಸಿದ್ರೆ ಗಾಳಿ ಜಾಸ್ತಿ, ಎರಡೂ ಅಂಚು ಅಳಿಸಿ ನಡುವೆ ಬಿಳಿ ಉಳಿದ್ರೆ ಕಮ್ಮಿ. ಮೂರ್ನಾಲ್ಕು ಸಲ ಮಾಡಿದ್ಮೇಲೆ ಖಾಲಿ ಗಾಡಿಗೆ 36 ಪಿಎಸ್‌ಐ ಗಾಳಿ, ಹನ್ನೆರಡು ಚೀಲ ಕಾಫಿ ಹೇರಿದಾಗ ಹಿಂದಿನ ಟೈರಿಗೆ 48 ಅಂತ ನಿಂತಿತು.

ಮೈನಸ್ ಪಾಯಿಂಟೂ ಇದೆ. ಟೈರ್ ತೂಕ ಜಾಸ್ತಿ, ಎತ್ತರಾನೂ ಜಾಸ್ತಿ, ಹಾಗಾಗಿ ಘಾಟಿ ಹತ್ತುವಾಗ ಒಂದು ಗೇರ್ ಮುಂಚೆನೇ ಇಳಿಸ್ಬೇಕು, ಡೀಸೆಲ್ಲೂ ಸ್ವಲ್ಪ ಜಾಸ್ತಿ ಕುಡಿಯುತ್ತೆ. ಮೊದ್ಲು ಮೀಟರ್ 80 ತೋರಿಸಿದ್ರೆ ಫೋನಿನ ಜಿಪಿಎಸ್ 76 ತೋರಿಸ್ತಿತ್ತು, ಈಗ 78, 79. ನೆಲದಿಂದ ಸಿಕ್ಕಿದ ಎತ್ತರ ಬರೀ 12 ಮಿಲಿಮೀಟರ್, ಅದಕ್ಕೆ ಆಸೆಪಟ್ಟು ಯಾರೂ ಇದನ್ನ ಹಾಕ್ಸಬೇಡಿ. ಕಾನೂನಿನ ಕಡೇನೂ ನೋಡ್ಕೊಳ್ಳಿ, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಂಪನಿ ಸ್ಪೆಸಿಫಿಕೇಶನ್ ಮೀರಿ ಮಾರ್ಪಾಡು ಮಾಡೋದಕ್ಕೆ ಅಡ್ಡ ಬರುತ್ತೆ, ಅದಕ್ಕೇ ನಾನು ಬದಲಾವಣೆ ಆದಷ್ಟು ಚಿಕ್ಕದಿರ್ಲಿ ಅಂದ್ಕೊಂಡಿದ್ದು, ಇನ್ಶೂರೆನ್ಸ್‌ನವ್ರಿಗೂ ಬರೆದು ತಿಳಿಸಿದ್ದೀನಿ.

ಐದನೇ ಟೈರೂ ತಗೊಂಡೆ. ಫೋರ್ ವೀಲ್ ಹಾಕಿ ಓಡಿಸುವಾಗ ಒಂದು ಚಕ್ರದ ಸೈಜ್ ಬೇರೆ ಆದ್ರೆ ಮುಂದಿನ ಹಿಂದಿನ ಆಕ್ಸಲ್ ಒಂದನ್ನೊಂದು ಎಳೆದಾಡ್ತವೆ, ಹಳೇ ಸೈಜಿನ ಸ್ಟೆಪ್ನಿ ಇಟ್ಕೊಂಡು ಕೆಸರಲ್ಲಿ ಪಂಕ್ಚರ್ ಆದ್ರೆ ಏನು ಮಾಡೋದು. ಬಾಡಿ ಕೆಳಗೆ ಆ ಜಾಗದಲ್ಲಿ ಹಿಡಿಸುತ್ತೋ ಇಲ್ವೋ ಅನ್ನೋ ಹೆದರಿಕೆ ಇತ್ತು, ದುಡ್ಡು ಕೊಡೋ ಮುಂಚೆ ಅಂಗಡೀಲೇ ಚೈನ್ ಸುತ್ತಿ ಮೇಲೆತ್ತಿಸಿದೆ, ಎರಡು ಬೆರಳು ತೂರೋವಷ್ಟು ಸಂದು ಉಳೀತು.