ಸಕಲೇಶಪುರಕ್ಕೆ ಹೋದರೆ ಅರ್ಧ ದಿನ ಊರಿಗೂ ಇಡಿ

ಸಕಲೇಶಪುರಕ್ಕೆ ಬರುವವರಲ್ಲಿ ಹೆಚ್ಚಿನವರು ಸೀದಾ ಹೋಮ್‌ಸ್ಟೇಗೆ ಹೋಗಿ, ಒಂದು ಜಲಪಾತ ನೋಡಿ ವಾಪಸ್ ಹೊರಡುತ್ತಾರೆ. ಊರು ಅಂದ್ರೆ ಅವರಿಗೆ ಪೆಟ್ರೋಲ್ ಹಾಕಿಸುವ ಜಾಗ ಅಷ್ಟೆ. ನನಗಂತೂ ಇದು ಬೇಜಾರಿನ ಸಂಗತಿ. ಕಾಫಿ ಮತ್ತು ಘಾಟಿ ದಾರಿ, ಇವೆರಡೇ ಸೇರಿ ಬೆಳೆಸಿದ ಊರು ಇದು. ಅದನ್ನು ನಡೆದಾಡಿಯೇ ನೋಡಬಹುದು.

ಹಾಸನದಿಂದ ಸುಮಾರು 40 ಕಿ.ಮೀ., ಬಸ್ಸಿಗೆ ಕೊರತೆಯಿಲ್ಲ. ಸ್ವಂತ ಗಾಡಿಯಾದರೆ ಊರೊಳಗಿನ ಬಿ.ಎಂ. ರಸ್ತೆಗೆ ಬನ್ನಿ. ಬೆಂಗಳೂರು–ಮಂಗಳೂರು ದಾರಿಯ ಅಂಗಡಿ ಸಾಲು ಇದೇ. ಡಿಸೆಂಬರ್‌ನಿಂದ ಮಾರ್ಚ್ ಒಳಗೆ ಬಂದರೆ ಒಳ್ಳೆಯದು. ಮೊದಲು ಅರೇಬಿಕಾ, ಆಮೇಲೆ ರೋಬಸ್ಟಾ, ಹೀಗೆ ಎರಡೂ ಜಾತಿಯ ಕಾಫಿಯ ಕೊಯ್ಲು ನಡೆಯುವ ಕಾಲ ಅದು. ಕಾಫಿ ವ್ಯಾಪಾರಿಗಳ ಮಳಿಗೆ ಮುಂದೆ ಪಿಕಪ್ ಗಾಡಿಗಳು ನಿಂತಿರುತ್ತವೆ.

ಅಂಥ ಒಂದು ಮಳಿಗೆಯ ಬಾಗಿಲಲ್ಲಿ, ಕೇಳಿಕೊಂಡು, ಸ್ವಲ್ಪ ಹೊತ್ತು ನಿಲ್ಲಿ. ಬೆಳೆಗಾರರು ತಂದ ಮೂಟೆಯಿಂದ ಒಂದಿಷ್ಟು ಚೆರ್ರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಹಣ್ಣು, ತೆಗೆದು ತೂಕ ಮಾಡುತ್ತಾರೆ. ಸಣ್ಣ ಯಂತ್ರದಲ್ಲಿ ಸಿಪ್ಪೆ ಬಿಡಿಸಿ, ಬೀಜವನ್ನು ಮತ್ತೆ ತೂಗುತ್ತಾರೆ. 50 ಕೆ.ಜಿ. ಮೂಟೆಗೆ ಎಷ್ಟು ಕೆ.ಜಿ. ಬೀಜ ಬರುತ್ತದೋ ಅದೇ 'ಓಟಿ'. ತೇವಾಂಶವನ್ನೂ ನೋಡಿ ಆಮೇಲೆ ರೇಟು. ಒಂದು ವರ್ಷದ ದುಡಿಮೆ ಆ ಪುಟ್ಟ ತಕ್ಕಡಿಯಲ್ಲಿ ಕೂತಿರುತ್ತದೆ. ಬೆಳೆಗಾರರ ಕಣ್ಣು ಅದರ ಮೇಲೇ ಇರುತ್ತದೆ. ಮಾತಾಡಿಸಲು ಅದು ಹೊತ್ತಲ್ಲ, ಸುಮ್ನೆ ನೋಡಿ.

ಹೀಗೆ ಬೇಕಾದವರಿಗೆ ಮಾರುವ ಪದ್ಧತಿ ತೀರಾ ಹಳೆಯದೇನಲ್ಲ. 1940ರ ದಶಕದಿಂದ ಬೆಳೆಯನ್ನೆಲ್ಲ ಸರ್ಕಾರದ ಕಾಫಿ ಬೋರ್ಡಿನ 'ಪೂಲ್'ಗೇ, ಅಂದರೆ ಎಲ್ಲರ ಕಾಫಿಯನ್ನೂ ಒಟ್ಟುಗೂಡಿಸಿ ಬೋರ್ಡೇ ಮಾರುವ ವ್ಯವಸ್ಥೆಗೇ, ಕೊಡಬೇಕಿತ್ತು. 1992ರ ನಂತರ ಅದು ಸಡಿಲವಾಗುತ್ತಾ ಬಂತು, 1996ರಲ್ಲಿ ಪೂರ್ತಿ ಮುಕ್ತವಾಯಿತು. ಊರಿನ ಹಿರಿಯರನ್ನು ಕೇಳಿದರೆ ಆ ಎರಡು ಕಾಲದ ಕಥೆಯನ್ನೂ ಹೇಳುತ್ತಾರೆ.

ತೋಟಗಳಿಗೆ ಇದಕ್ಕಿಂತ ಹಳೆಯ ಚರಿತ್ರೆ ಇದೆ. 19ನೇ ಶತಮಾನದಲ್ಲಿ ಬ್ರಿಟಿಷ್ ಪ್ಲಾಂಟರ್‌ಗಳು ಈ ಭಾಗದಲ್ಲಿ ಕಾಫಿ ಹಾಕಿದರು. ಆಗ ತಾಲ್ಲೂಕಿಗೆ ಮಂಜರಾಬಾದ್ ಅಂತಲೇ ಹೆಸರು. ಇವತ್ತಿಗೂ ಇಲ್ಲಿನ ಸರ್ಕಾರಿ ಆಸ್ಪತ್ರೆಗೆ ಬ್ರಿಟಿಷ್ ಹೆಸರೇ, 'ಕ್ರಾಫರ್ಡ್ ಆಸ್ಪತ್ರೆ'.

ಹೇಮಾವತಿ ದಡದಲ್ಲಿ ಸಕಲೇಶ್ವರ ದೇವಸ್ಥಾನವಿದೆ, ಹೊಯ್ಸಳರ ಕಾಲದ್ದು. ಬೇಲೂರಿನಂಥ ಕೆತ್ತನೆ ನಿರೀಕ್ಷಿಸಬೇಡಿ. ಬೆಳಿಗ್ಗೆ ಬೇಗ ಹೋಗಿ, ಹೊಳೆಯನ್ನೂ ನೋಡಿಕೊಂಡು ಬನ್ನಿ. ಮಳೆಗಾಲದಲ್ಲಿ ನೀರಿನ ಹತ್ತಿರ ಇಳಿಯಬೇಡಿ.

ಮಧ್ಯಾಹ್ನದ ಮೊದಲೇ ಮಂಜರಾಬಾದ್ ಕೋಟೆ ಮುಗಿಸಿ. ಹೆದ್ದಾರಿ ಪಕ್ಕದಲ್ಲೇ, ಊರಿನಿಂದ ಐದಾರು ಕಿ.ಮೀ. ಸುಮಾರು 250 ಮೆಟ್ಟಿಲು ಹತ್ತಬೇಕು. ಟಿಪ್ಪು 1792ರಲ್ಲಿ ಕಟ್ಟಿಸಿದ್ದು, ಎಂಟು ಮೂಲೆಯ ನಕ್ಷತ್ರದ ಆಕಾರ, ಫ್ರೆಂಚರ ಕೋಟೆಗಳ ಮಾದರಿ. ಯಾವ ದಿಕ್ಕಿನಿಂದ ಗೋಡೆಗೆ ಬಂದರೂ ಪಕ್ಕದ ಮೂಲೆಯಿಂದ ಗುಂಡು ಹಾರಿಸಬಹುದು, ಅದಕ್ಕೇ ಆ ಆಕಾರ. ನಕ್ಷತ್ರ ಪೂರ್ತಿ ಕಾಣುವುದು ಆಕಾಶದಿಂದ ಮಾತ್ರ. ನೀವು ಒಳಗೆ ನಡುವಿನ ಕೊಳ ಮತ್ತು ಸಿಡಿಮದ್ದಿನ ಮನೆಗಳನ್ನು ನೋಡಿ, ಆಮೇಲೆ ಗೋಡೆಗುಂಟ ಒಂದು ಸುತ್ತು ಬನ್ನಿ. ಮಂಗಳೂರು ಕಡೆಯ ದಾರಿ ಕಾಯಲು ಇದೇ ಗುಡ್ಡ ಯಾಕೆ ಅಂತ ಆಗ ಗೊತ್ತಾಗುತ್ತದೆ. ಗೋಡೆಗಳ ಮೇಲೆ ಹೆಸರು ಕೆತ್ತುವವರನ್ನು ಕಂಡರೆ ದಯವಿಟ್ಟು ತಡೆಯಿರಿ. ಮಳೆಗಾಲದಲ್ಲಿ ಕಲ್ಲು ಜಾರುತ್ತದೆ, ಇಂಬಳದ ಕಾಟವೂ ಜಾಸ್ತಿ.

ರೈಲಿನಲ್ಲಿ ಬರುವ ಆಸೆಯಿದ್ದರೆ ಹಗಲಿನ ಗಾಡಿಯನ್ನೇ ನೋಡಿ. ಸುಬ್ರಹ್ಮಣ್ಯ ಕಡೆಯ ಘಾಟಿಯಲ್ಲಿ ಸುರಂಗಗಳೇ 57. ಗುಡ್ಡ ಕುಸಿದರೆ ಸಂಚಾರ ನಿಲ್ಲುತ್ತದೆ, ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಿಚಾರಿಸಿಕೊಂಡೇ ಹೊರಡಿ. ಹಳಿಗುಂಟ ಚಾರಣಕ್ಕೆ ನಿಷೇಧವಿದೆ, ಯಾರು ಕರೆದರೂ ಹೋಗಬೇಡಿ.

ಹೊರಡುವಾಗ ಮೆಣಸು, ಏಲಕ್ಕಿ, ಕಾಫಿಪುಡಿಯನ್ನು ಊರಿನ ಅಂಗಡಿಯಲ್ಲೇ ಕೊಳ್ಳಿ. ಪುಡಿ ಕೇಳುವಾಗ ಚಿಕೋರಿ ಬೇಕೋ ಬೇಡವೋ, ಬೇಕಾದರೆ ಎಷ್ಟು ಅಂತ ಮೊದಲೇ ಹೇಳಿಬಿಡಿ.