ಮೊದಲು ಪುಸ್ತಕ, ಆಮೇಲೆ ಮಿಕ್ಕಿದ್ದು

ಜ್ಯೂರಿಕ್‌ನಿಂದ ಸೇಂಟ್ ಗ್ಯಾಲನ್‌ಗೆ ರೈಲಿನಲ್ಲಿ ಸುಮಾರು ಒಂದು ಗಂಟೆ ದಾರಿ. ಅಲ್ಲಿನ ಹಳೆಯ ಮಠದ ಗ್ರಂಥಾಲಯ ನೋಡಲೆಂದೇ ಹೋಗಿದ್ದೆ.

ಬಾಗಿಲ ಮೇಲೆ ಗ್ರೀಕ್‌ನಲ್ಲಿ ಎರಡು ಪದ ಬರೆದಿದ್ದಾರೆ. ‘ಆತ್ಮದ ಆಸ್ಪತ್ರೆ’ ಅಂತ ಅರ್ಥ. ಒಳಗೆ ಹೋಗುವ ಮೊದಲು ಶೂ ಮೇಲೆಯೇ ದೊಗಲೆ ಉಣ್ಣೆ ಚಪ್ಪಲಿ ಹಾಕಿಕೊಳ್ಳಬೇಕು. ಮರದ ನೆಲಕ್ಕೆ ಗೀರು ಬೀಳಬಾರದಲ್ವಾ! ಕಾಲೆತ್ತಿದರೆ ಕಳಚಿಕೊಳ್ಳುತ್ತವೆ. ಹಾಗಾಗಿ ಎಲ್ಲರೂ ಕಾಲೆಳೆದುಕೊಂಡೇ ನಡೆಯುತ್ತಾರೆ. 1758ರಿಂದ 1767ರವರೆಗೆ ಕಟ್ಟಿದ ಆ ಹಜಾರದಲ್ಲಿ ಸರ್ರ್ ಸರ್ರ್ ಅನ್ನುವ ಸದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ.

ಎರಡು ಅಂತಸ್ತಿಗೂ ಪುಸ್ತಕದ ಕಪಾಟು, ಮೇಲೆ ಚಿತ್ರ ಬರೆದ ಚಾವಣಿ. ಚೆಂದವೇ. ಆದರೆ ನನ್ನ ತಲೆಯಲ್ಲಿ ಇದ್ದವಳು ವಿಬೊರಾಡಾ. ಮಠಕ್ಕೆ ಹತ್ತಿರದ ಚರ್ಚೊಂದರ ಪಕ್ಕದ ಕೋಣೆಯಲ್ಲಿ ಒಬ್ಬಳೇ ವ್ರತ ಹಿಡಿದು ಕೂತಿದ್ದವಳು. 926ರಲ್ಲಿ ಹಂಗೇರಿಯನ್ನರು ದಾಳಿಗೆ ಬರುತ್ತಾರೆಂದು ಎಚ್ಚರಿಸಿ, ಮೊದಲು ಪುಸ್ತಕ ಸಾಗಿಸಿ ಎಂದಳಂತೆ. ಪುಸ್ತಕಗಳು ರೈಖೆನೌ ದ್ವೀಪ ಸೇರಿದವು. ಅವಳು ಕೋಣೆ ಬಿಟ್ಟು ಕದಲಲಿಲ್ಲ. ದಾಳಿಕೋರರು ಕೊಂದರು. ಸಾವಿರ ವರ್ಷಕ್ಕೂ ಹಳೆಯ ಸುಮಾರು 400 ಹಸ್ತಪ್ರತಿ ಇಲ್ಲಿ ಇನ್ನೂ ಇವೆ. ಗಾಜಿನೊಳಗೆ ತೆರೆದಿಟ್ಟ ಒಂದು ಪುಟದ ಮುಂದೆ ನನಗೆ ಗಂಟಲು ಕಟ್ಟಿತು.

ಮಠದ ಆವರಣದಲ್ಲೇ ಇನ್ನೊಂದು ಕಡೆ ಒಂದು ನಕ್ಷೆ ಇದೆ. 9ನೇ ಶತಮಾನದ ಆರಂಭದ್ದು. ಐದು ಚರ್ಮದ ಹಾಳೆ ಹೊಲಿದು, ಕೆಂಪು ಗೆರೆಯಲ್ಲಿ ಇಡೀ ಮಠ ಹೇಗಿರಬೇಕೆಂದು ಬರೆದಿದ್ದಾರೆ. ಅದು ಉಳಿದದ್ದೇ ವಿಚಿತ್ರ. 12ನೇ ಶತಮಾನದಲ್ಲಿ ಯಾರೋ ಹಿಂಬದಿಯಲ್ಲಿ ಸಂತ ಮಾರ್ಟಿನನ ಕಥೆ ಬರೆದು, ಮಡಚಿ, ಪುಸ್ತಕಗಳ ಜೊತೆ ಇಟ್ಟರು. ನಕ್ಷೆಗೂ ಜೀವ ಉಳಿಯಿತು!

ಜಾಸ್ತಿ ಬೆಳಕು ತಾಗಬಾರದೆಂದು ಮೂಲಪ್ರತಿಯನ್ನು ಸ್ವಲ್ಪವೇ ಹೊತ್ತು ತೋರಿಸುತ್ತಾರೆ. ಅಷ್ಟರಲ್ಲೇ ಹುಡುಕಿದೆ. ಕೈತೋಟದಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಕೊತ್ತಂಬರಿ, ಒಂದೊಂದಕ್ಕೂ ಒಂದೊಂದು ಪಾತಿ. ಚರ್ಚಿನ ಪಕ್ಕ ಒಂದು ಪುಟ್ಟ ಚೌಕ. ಕೆಳಗೆ ಬರೆಯುವವರ ಜಾಗ, ಮೇಲೆ ಗ್ರಂಥಾಲಯ.

ದೀಪ ಆರಿತು. ಮುಂದಿನ ಗುಂಪಿನ ಜೊತೆ ನಾನೂ ಮತ್ತೆ ಹೋಗಿ ನಿಂತೆ.